ಸಣ್ಣ ಗುಂಪಿನ ಫ್ರಾನ್ಸ್ ಪ್ರವಾಸ: ಮುಂಗಡ ಕಟ್ಟುವ ಮೊದಲಿನಿಂದ ವಾಪಸ್ ವಿಮಾನ ಹತ್ತುವವರೆಗೆ

ಯುರೋಪ್ ಪ್ರವಾಸ ಅಂದರೆ ನಮ್ಮಲ್ಲಿ ಇನ್ನೂ ಹತ್ತು ದಿನಕ್ಕೆ ಏಳು ದೇಶದ ಲೆಕ್ಕವೇ ಜಾಸ್ತಿ. ಐವತ್ತು ಜನರ ಬಸ್ಸು, ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲಾಚೆ, ಐಫೆಲ್ ಟವರ್ ಎದುರು ಇಪ್ಪತ್ತು ನಿಮಿಷ. ಈಚೆಗೆ ಇನ್ನೊಂದು ಬಗೆಯನ್ನೂ ಜನ ವಿಚಾರಿಸುತ್ತಿದ್ದಾರೆ. ಒಂದೇ ದೇಶ, ಎಂಟರಿಂದ ಹದಿನಾರು ಜನ, ಜೊತೆಗೊಬ್ಬ ಗೈಡ್, ನಗರಕ್ಕೆ ಕೊಟ್ಟಷ್ಟೇ ಸಮಯ ಹಳ್ಳಿಗೂ. ಇದಕ್ಕೆ ಫ್ರಾನ್ಸ್ ಹೇಳಿ ಮಾಡಿಸಿದ ದೇಶ. ಪ್ಯಾರಿಸ್ ದಾಟಿ ಎರಡು ಗಂಟೆ ಹೋದರೆ ಸಾಕು, ದ್ರಾಕ್ಷಿ ತೋಟ, ಕೋಟೆ, ವಾರದ ಸಂತೆ ಎಲ್ಲ ಶುರು.

ಆದರೆ ಇದು ದುಬಾರಿ ಬಾಬತ್ತು. ಕೊಟ್ಟ ದುಡ್ಡಿಗೆ ತಕ್ಕದ್ದು ಸಿಗುತ್ತದೋ ಇಲ್ಲವೋ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಏನು ಬಂತು? ಮೊದಲೇ ತಿಳಿಯಲು ಒಂದು ದಾರಿ ಇದೆ. ಕಂಪನಿ ಕಳಿಸುವ ದಿನವಾರು ಕಾರ್ಯಕ್ರಮದ ಪಟ್ಟಿ ಇರುತ್ತದಲ್ಲ, ಅದನ್ನು ಪ್ರಿಂಟ್ ತೆಗೆದು, ಫೋಟೊಗಳನ್ನೆಲ್ಲ ಮರೆತು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಬೇಕು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 1: ಊರು ಬಿಡಿ, ರಾತ್ರಿ ಎಣಿಸಿ

ಪಟ್ಟಿಯಲ್ಲಿ ಎಷ್ಟು ಊರುಗಳ ಹೆಸರಿದೆ ಎಂದು ನೋಡಬೇಡಿ. ಯಾವ ಊರಿನಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಪ್ಯಾರಿಸ್‌ನಿಂದ ದಕ್ಷಿಣದ ಸಮುದ್ರದವರೆಗೆ ಹೋಗುವ ಒಂದು ಒಳ್ಳೆಯ ದಾರಿ ಹೀಗಿರುತ್ತದೆ: ಪ್ಯಾರಿಸ್ 3 ರಾತ್ರಿ, ಲ್ವಾರ್ ಕಣಿವೆಯ ಅಂಬ್ವಾಜ್‌ನಲ್ಲಿ 2, ಬರ್ಗಂಡಿಯ ಬೋನ್‌ನಲ್ಲಿ 1, ಲಿಯಾನ್ 2, ಪ್ರೊವಾನ್ಸ್‌ನಲ್ಲಿ ಅವಿನ್ಯೋನ್ ಅಥವಾ ಸ್ಯಾಂ ರೆಮಿ 3, ಕೊನೆಗೆ ನೀಸ್ 2. ಒಟ್ಟು 13 ರಾತ್ರಿ, ಆರು ಹಾಸಿಗೆ. ಇದರಲ್ಲಿ ಒಂದೇ ರಾತ್ರಿಯ ತಂಗು ಒಂದೇ ಒಂದು.

ಒಂದು ರಾತ್ರಿಯ ತಂಗುಗಳು ಎರಡಕ್ಕಿಂತ ಜಾಸ್ತಿ ಇದ್ದರೆ ನನಗಂತೂ ಆ ಪ್ರವಾಸ ಬೇಡ. ಸಂಜೆ ಐದಕ್ಕೆ ತಲುಪುತ್ತೀರಿ, ರೂಮಿನ ಕೀಲಿ ಸಿಗುವಾಗ ಆರು, ಊಟ ಮಾಡಿ ಮಲಗಿದರೆ ಮತ್ತೆ ಬೆಳಿಗ್ಗೆ ಹೊರಡುವುದು. ಊರು ಕಂಡದ್ದು ಎಲ್ಲಿ? ಹಳ್ಳಿಗಾಡಿನ ಚಂದ ಇರುವುದೇ ಹಗಲಿನ ಬಸ್ಸುಗಳೆಲ್ಲ ಹೋದ ಮೇಲೆ ಮತ್ತು ಅವು ಬರುವ ಮುಂಚೆ. ಆ ಹೊತ್ತು ಸಿಗಬೇಕಾದರೆ ಅಲ್ಲೇ ಎರಡು ರಾತ್ರಿ ಇರಬೇಕು.

ಮುಂದೆ ಕ್ರಿಯಾಪದಗಳಿಗೆ ಗೆರೆ ಹಾಕಿ. ‘ಒಳಗೆ ಹೋಗಿ ನೋಡುವುದು’, ‘ಹೊರಗಿನಿಂದ ನೋಡುವುದು’, ‘ಹಾದುಹೋಗುವುದು’, ‘ಫೋಟೊಗೆ ನಿಲ್ಲುವುದು’ ಇವೆಲ್ಲ ಬೇರೆ ಬೇರೆ. ಶಾಂಬೋರ್ ಅರಮನೆಯನ್ನು ಹೊರಗಿನಿಂದಲೇ ತೋರಿಸಿ ಕರೆದುಕೊಂಡು ಬಂದರೆ ಅದರ ಅವಳಿ ಸುರುಳಿ ಮೆಟ್ಟಿಲು ತಪ್ಪಿಹೋಗುತ್ತದೆ. 1519ರಲ್ಲಿ ಕಟ್ಟಲು ಶುರು ಮಾಡಿದ ಆ ಅರಮನೆಯಲ್ಲಿ ಒಬ್ಬರು ಹತ್ತುತ್ತಾ, ಇನ್ನೊಬ್ಬರು ಇಳಿಯುತ್ತಾ ಇದ್ದರೂ ಎಲ್ಲೂ ಎದುರಾಗುವುದಿಲ್ಲ. ಹೋಗಬೇಕಾದ್ದೇ ಅದಕ್ಕೆ.

ಹೆಜ್ಜೆ 2: ಎಷ್ಟು ಜನ, ಯಾವ ಗಾಡಿ, ಓಡಿಸುವವರು ಯಾರು

‘ಸಣ್ಣ ಗುಂಪು’ ಎಂಬುದಕ್ಕೆ ಒಂದು ಅಳತೆ ಇಲ್ಲ. ಒಬ್ಬರಿಗೆ 8, ಇನ್ನೊಬ್ಬರಿಗೆ 24. ಗರಿಷ್ಠ ಎಷ್ಟು ಎಂದು ಬರಹದಲ್ಲಿ ಕೇಳಿ.

8 ಎಂಬ ಸಂಖ್ಯೆ ಸುಮ್ನೆ ಬಂದದ್ದಲ್ಲ. ಫ್ರಾನ್ಸ್‌ನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್ ಇದ್ದವರು ಚಾಲಕ ಸೇರಿ 9 ಸೀಟಿನ ಗಾಡಿವರೆಗೆ ಓಡಿಸಬಹುದು. ಹಾಗಾಗಿ ಎಂಟು ಜನರ ಪ್ರವಾಸಗಳಲ್ಲಿ ಗೈಡೇ ಚಾಲಕನಾಗಿರುವುದು ಮಾಮೂಲು. ಇಂಥ ವ್ಯಾನ್ ಸಣ್ಣ ಹಳ್ಳಿಯ ಓಣಿಯವರೆಗೂ ಹೋಗುತ್ತದೆ, ದಾರಿಯಲ್ಲಿ ಚಂದ ಕಂಡ ಕಡೆ ನಿಲ್ಲುತ್ತದೆ. ಅದೇ ದೊಡ್ಡ ಬಸ್ಸಾದರೆ ಊರಾಚೆಯ ಪಾರ್ಕಿಂಗ್‌ನಲ್ಲಿ ಇಳಿಸಿ ನಡೆಸುತ್ತಾರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ದೊಡ್ಡ ಗಾಡಿಗಳ ಚಾಲಕರಿಗೆ ಯುರೋಪ್ ಒಕ್ಕೂಟದ ಬಿಗಿಯಾದ ನಿಯಮ ಉಂಟು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಿತಿ. ಒಂಬತ್ತು ಸೀಟಿನ ವ್ಯಾನ್ ಈ ನಿಯಮದ ಹೊರಗೆ ಉಳಿಯುತ್ತದೆ. ಹಗಲಿಡೀ ಮಾತಾಡಿ, ಕೋಟೆ ಹತ್ತಿಸಿ ಇಳಿಸಿ, ಅದೇ ಮನುಷ್ಯ ರಾತ್ರಿ ಎಂಟರವರೆಗೆ ಓಡಿಸುತ್ತಾನೆ ಅಂದರೆ ನೀವೇ ಲೆಕ್ಕ ಹಾಕಬೇಕು. ಅಂಬ್ವಾಜ್‌ನಿಂದ ಬೋನ್‌ಗೆ ಹತ್ತಿರ ಹತ್ತಿರ ನಾಲ್ಕು ಗಂಟೆಯ ದಾರಿ. ಅದೇ ದಿನ ಎರಡು ಅರಮನೆಗಳನ್ನೂ ತುರುಕಿದ್ದರೆ ಆ ಪಟ್ಟಿ ಮಾಡಿದವರು ಆ ದಾರಿಯಲ್ಲಿ ಓಡಾಡಿದವರಲ್ಲ.

ಗೈಡ್ ಬಗ್ಗೆಯೂ ಒಂದು ಮಾತು. ಮ್ಯೂಸಿಯಂ ಮತ್ತು ಐತಿಹಾಸಿಕ ಸ್ಮಾರಕಗಳ ಒಳಗೆ ಪ್ರವಾಸ ಕಂಪನಿಯ ಪರವಾಗಿ ವಿವರಣೆ ಕೊಡಲು ಫ್ರಾನ್ಸ್‌ನಲ್ಲಿ ಸರ್ಕಾರಿ ಗೈಡ್ ಕಾರ್ಡ್ ಬೇಕು. ನಿಮ್ಮ ಜೊತೆ ಊರಿಂದ ಬರುವ ಟೂರ್ ಮ್ಯಾನೇಜರ್ ವರ್ಸೈ ಅರಮನೆಯ ಬಾಗಿಲಲ್ಲಿ ಸುಮ್ಮನಾದರೆ ಅದಕ್ಕೆ ಕಾರಣ ಇದು. ಎಲ್ಲೆಲ್ಲಿ ಸ್ಥಳೀಯ ಗೈಡ್ ಬರುತ್ತಾರೆ, ಎಲ್ಲಿ ಬರೀ ಆಡಿಯೊ ಯಂತ್ರ ಕೊಡುತ್ತಾರೆ ಎಂದು ಮೊದಲೇ ಕೇಳಿ ಗುರುತು ಹಾಕಿಕೊಳ್ಳಿ.

ಹೆಜ್ಜೆ 3: ತಾರೀಖಿನ ಪಕ್ಕ ವಾರ ಬರೆಯಿರಿ

ಜನ ಎಡವುವುದು ಇಲ್ಲೇ. ಫ್ರಾನ್ಸ್ ವಾರದ ಲೆಕ್ಕದಲ್ಲಿ ಬದುಕುವ ದೇಶ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಒರ್ಸೆ ಮ್ಯೂಸಿಯಂ ಸೋಮವಾರ, ವರ್ಸೈ ಅರಮನೆಯೂ ಸೋಮವಾರ ಇಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಸಣ್ಣ ಊರುಗಳಲ್ಲಿ ಅಂಗಡಿ ಸಿಗುವುದು ಕಷ್ಟ. ಸೋಮವಾರವೂ ಅಷ್ಟೇ, ಎಷ್ಟೋ ಹೋಟೆಲು ಅಂಗಡಿಗಳಿಗೆ ಅಂದು ರಜೆ. ಅಂಥ ಸೋಮವಾರ ನಿಮ್ಮನ್ನು ಹಳ್ಳಿಯಲ್ಲಿ ‘ಸ್ವತಂತ್ರವಾಗಿ ಸುತ್ತಾಡಲು’ ಬಿಟ್ಟರೆ ಮುಚ್ಚಿದ ಬಾಗಿಲುಗಳನ್ನು ನೋಡಿಕೊಂಡು ಬರಬೇಕು.

ಸಂತೆಗಳೂ ಹಾಗೆಯೇ. ಬೋನ್ ಊರಿನ ದೊಡ್ಡ ಸಂತೆ ಶನಿವಾರ ಬೆಳಿಗ್ಗೆ. ಆರ್ಲ್‌ನದೂ ಶನಿವಾರ. ಸ್ಯಾಂ ರೆಮಿಯಲ್ಲಿ ಬುಧವಾರ. ನೀರಿನ ಕಾಲುವೆಗಳ ಊರಾದ ಲೀಲ್ ಸುರ್ ಲಾ ಸೋರ್ಗ್‌ನಲ್ಲಿ ಭಾನುವಾರ, ಅಂದು ಹಳೆ ಸಾಮಾನಿನ ವ್ಯಾಪಾರಿಗಳೂ ಬಂದು ಕೂರುತ್ತಾರೆ. ಹೆಚ್ಚಿನವು ಮಧ್ಯಾಹ್ನ ಒಂದರ ಹೊತ್ತಿಗೆ ಎದ್ದುಹೋಗುತ್ತವೆ. ಪಟ್ಟಿಯಲ್ಲಿ ‘ಪ್ರೊವಾನ್ಸ್ ಸಂತೆಗೆ ಭೇಟಿ’ ಎಂದು ಬರೆದು ಸಂಜೆ ನಾಲ್ಕಕ್ಕೆ ತಲುಪಿಸುವ ಪ್ರವಾಸವೂ ಇರುತ್ತದೆ!

ಯಾವ ತಿಂಗಳು? ನನ್ನ ಮತ ಸೆಪ್ಟೆಂಬರ್‌ಗೆ. ಬಿಸಿಲು ಇಳಿದಿರುತ್ತದೆ, ದ್ರಾಕ್ಷಿ ಕೊಯ್ಲಿನ ಕಾಲ, ಶಾಲೆ ಶುರುವಾಗಿ ಜನ ಕಡಿಮೆ. ಲ್ಯಾವೆಂಡರ್ ನೋಡಲೇಬೇಕು ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದ ಒಳಗೆ ವಲೆನ್ಸೋಲ್ ಬಯಲಿಗೆ ಹೋಗಬೇಕು. ಆಗಸ್ಟ್‌ನಲ್ಲಿ ‘ಲ್ಯಾವೆಂಡರ್ ಟೂರ್’ ಮಾರುವವರಿಂದ ದೂರ ಇರಿ, ಬಹುಪಾಲು ಹೊಲಗಳಲ್ಲಿ ಕೊಯ್ಲು ಮುಗಿದಿರುತ್ತದೆ. ಜುಲೈನಲ್ಲಿ ಅವಿನ್ಯೋನ್‌ನ ರಂಗೋತ್ಸವ ಇರುತ್ತದೆ, 1947ರಿಂದ ನಡೆದು ಬಂದದ್ದು. ಊರೆಲ್ಲ ಗೋಡೆ ತುಂಬ ನಾಟಕದ ಪೋಸ್ಟರ್, ನೋಡಲು ಸೊಗಸು, ಆದರೆ ರೂಮಿನ ಬಾಡಿಗೆ ಗಗನಕ್ಕೆ. ಮೇ ತಿಂಗಳು ಹವೆ ಹಿತ, ಆದರೆ ಸಾರ್ವಜನಿಕ ರಜೆಗಳು ಸಾಲಾಗಿ ಬರುತ್ತವೆ. ಮೇ 1 ಅಂತೂ ಲೂವ್ರ್ ಸೇರಿ ಬಹುತೇಕ ಎಲ್ಲ ಬಂದ್.

ಹೆಜ್ಜೆ 4: ಹಣ ಕಟ್ಟುವ ಮೊದಲು ಕೇಳಬೇಕಾದ್ದು

ಇಲ್ಲಿ ಎರಡು ದಾರಿ. ಒಂದು, ಇಲ್ಲಿನ ಕಂಪನಿ, ವಿಮಾನ ವೀಸಾ ಊಟ ಎಲ್ಲ ಸೇರಿ. ಇನ್ನೊಂದು, ಫ್ರಾನ್ಸ್ ಅಥವಾ ಯುರೋಪಿನ ಕಂಪನಿಯಿಂದ ಬರೀ ಅಲ್ಲಿನ ಪ್ರವಾಸ ಕೊಂಡು ವಿಮಾನ, ವೀಸಾ ನೀವೇ ನೋಡಿಕೊಳ್ಳುವುದು. ಇಂಗ್ಲಿಷ್ ಅಡ್ಡಿಯಿಲ್ಲ, ಬೇರೆ ದೇಶದವರ ಜೊತೆ ಕೂತು ಉಣ್ಣುವುದು ಖುಷಿ ಅನ್ನುವವರಿಗೆ ಎರಡನೆಯದು ಚೆನ್ನ. ಮನೆಯ ಹಿರಿಯರು ಜೊತೆಗಿದ್ದು, ದಿನಕ್ಕೊಮ್ಮೆ ಅನ್ನ ಸಾರು ಬೇಕೇ ಬೇಕು ಎನ್ನುವುದಾದರೆ ಮೊದಲನೆಯದೇ ಸರಿ. ಇದರಲ್ಲಿ ಮೇಲು ಕೀಳು ಏನಿಲ್ಲ.

ಫ್ರಾನ್ಸ್‌ನ ಕಂಪನಿಯಾದರೆ ಅದು ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಅತೂ ಫ್ರಾನ್ಸ್‌ನ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು. ನೋಂದಣಿ ಸಂಖ್ಯೆ ಅವರ ಷರತ್ತುಗಳ ಹಾಳೆಯಲ್ಲಿ ಇರುತ್ತದೆ, ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕಂಪನಿ ದಿವಾಳಿಯಾದರೆ ಪ್ರಯಾಣಿಕರ ದುಡ್ಡು ಮುಳುಗದಂತೆ ಅವರು ಭದ್ರತೆ ಇಟ್ಟಿರಬೇಕು ಎಂಬ ನಿಯಮವೂ ಇದೆ.

ಸಣ್ಣ ಗುಂಪಿನ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಕನಿಷ್ಠ ಎಷ್ಟು ಜನ ಸೇರಿದರೆ ಹೊರಡುತ್ತೀರಿ? ಯುರೋಪ್ ಒಕ್ಕೂಟದ ನಿಯಮದಂತೆ ಜನ ಸಾಲದಿದ್ದರೆ, ಆರು ದಿನಕ್ಕಿಂತ ಉದ್ದದ ಪ್ರವಾಸವನ್ನು ಕಂಪನಿ 20 ದಿನ ಮುಂಚಿನವರೆಗೂ ರದ್ದು ಮಾಡಬಹುದು. ಕಟ್ಟಿದ ಹಣ ಪೂರ್ತಿ ವಾಪಸ್ ಬರುತ್ತದೆ, ನಿಜ. ಆದರೆ ನೀವು ಬೇರೆಯಾಗಿ ಕೊಂಡ ವಿಮಾನ ಟಿಕೆಟ್‌ನ ಹಣ ಅವರು ಕೊಡಬೇಕಿಲ್ಲ. ಅದಕ್ಕೇ ‘ಹೊರಡುವುದು ಖಚಿತ’ ಎಂದು ಮೇಲ್ ಬರುವ ತನಕ ವಾಪಸ್ ಮಾಡಲಾಗದ ಟಿಕೆಟ್ ಕೊಳ್ಳಬೇಡಿ. ಬೆಲೆ ಏರಿಸುವ ಬಗ್ಗೆಯೂ ನಿಯಮ ಇದೆ: ಶೇ 8ಕ್ಕಿಂತ ಜಾಸ್ತಿ ಏರಿಸಿದರೆ ದಂಡವಿಲ್ಲದೆ ಬಿಡಬಹುದು, ಹೊರಡಲು 20 ದಿನ ಇರುವಾಗ ಏರಿಸುವಂತೆಯೇ ಇಲ್ಲ.

ಒಬ್ಬರೇ ಹೋಗುವವರು ಒಂಟಿ ರೂಮಿನ ಹೆಚ್ಚುವರಿ ದರ ಎಷ್ಟು ಎಂದು ಕೇಳಲೇಬೇಕು, ಕೆಲವು ಕಡೆ ಅದೇ ದೊಡ್ಡ ಮೊತ್ತ. ಇನ್ನು ಭಾರತದಲ್ಲಿ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲೇ ಜಮೆಯಾಗುವುದರಿಂದ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಸೀದಿ ಎತ್ತಿಡಿ.

ಹೆಜ್ಜೆ 5: ವೀಸಾ

ಬೇಕಾದ್ದು ಶೆಂಗೆನ್ ಅಲ್ಪಾವಧಿ ವೀಸಾ, ಅಂದರೆ ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನದವರೆಗೆ ಇರಬಹುದು. ಹೊರಡುವ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಆದರೆ ಆ 15 ದಿನವನ್ನು ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ತಲೆನೋವು. ಮೂರು ತಿಂಗಳು ಮುಂಚೆ ಶುರು ಮಾಡಿದರೆ ನೆಮ್ಮದಿ.

ಫ್ರಾನ್ಸ್ ವೀಸಾ ಜಾಲತಾಣದಲ್ಲಿ ಅರ್ಜಿ ತುಂಬಿ, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರಕ್ಕೆ ಹೋಗಿ ಕಾಗದ, ಬೆರಳಚ್ಚು ಕೊಡಬೇಕು. ಬೆಂಗಳೂರಿನಲ್ಲೇ ಕೇಂದ್ರ ಇದೆ. ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ವಾಪಸ್ ಬರುವ ದಿನದ ನಂತರ ಮೂರು ತಿಂಗಳು ಚಾಲ್ತಿಯಲ್ಲಿ ಇರಬೇಕು, ಎರಡು ಖಾಲಿ ಹಾಳೆಯೂ ಬೇಕು. ಇವುಗಳ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ಕಡೆಯಿಂದ ರಜೆಯ ಪತ್ರ.

ಗುಂಪು ಪ್ರವಾಸದವರು ಒಂದು ಮುಖ್ಯ ಕಾಗದ ಮರೆಯಬಾರದು. ನಿಮ್ಮ ಹೆಸರು, ಪ್ರತಿ ರಾತ್ರಿಯ ಹೋಟೆಲ್ ಹೆಸರು ಮತ್ತು ವಿಳಾಸ, ಹಣ ಕಟ್ಟಿದ ವಿವರ ಇವೆಲ್ಲ ಇರುವ ಪತ್ರವನ್ನು ಕಂಪನಿಯಿಂದ ಪಡೆಯಿರಿ. ‘ಅಂಬ್ವಾಜ್ ಅಥವಾ ಹತ್ತಿರದ ಊರು’ ಎಂದು ಬರೆದ ಪತ್ರ ಸಾಲದು. ಪ್ರವಾಸಕ್ಕಿಂತ ಎರಡು ದಿನ ಮುಂಚೆ ನೀವೇ ಹೋಗಿ ತಂಗುವುದಾದರೆ ಆ ರಾತ್ರಿಗಳಿಗೂ ಬುಕಿಂಗ್ ತೋರಿಸಬೇಕು. ತಾರೀಖುಗಳ ನಡುವೆ ಒಂದು ರಾತ್ರಿಯೂ ಖಾಲಿ ಇರಬಾರದು.

ಪದೇ ಪದೇ ಹೋಗುವವರಿಗೆ ಒಂದು ಒಳ್ಳೆಯ ಸುದ್ದಿ. 2024ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ, ಹಿಂದಿನ ಮೂರು ವರ್ಷದಲ್ಲಿ ಎರಡು ಶೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಸಿಗಬಹುದು. ಹಳೆ ಪಾಸ್‌ಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ.

ಹೆಜ್ಜೆ 6: ವಿಮಾನ ಮತ್ತು ಚೀಲ

ಬೆಂಗಳೂರಿನಿಂದ ಪ್ಯಾರಿಸ್‌ಗೆ ಏರ್ ಫ್ರಾನ್ಸ್‌ನ ನೇರ ವಿಮಾನ ಇದೆ. ಗಲ್ಫ್ ಮೂಲಕ ಹೋದರೆ ಎಷ್ಟೋ ಸಲ ಅಗ್ಗ, ಜೊತೆಗೆ ಪ್ಯಾರಿಸ್‌ಗೆ ಇಳಿದು ನೀಸ್‌ನಿಂದ ವಾಪಸ್ ಬರುವ ಟಿಕೆಟ್ ಸಿಗುತ್ತದೆ. ಪ್ರವಾಸ ನೀಸ್‌ನಲ್ಲಿ ಮುಗಿಯುವುದಾದರೆ ಅದನ್ನೇ ಹುಡುಕಿ, ಪ್ಯಾರಿಸ್‌ಗೆ ಮತ್ತೆ ಅಷ್ಟು ದೂರ ಬರುವುದು ದಂಡ. ಗುಂಪು ಸೇರುವ ಹಿಂದಿನ ದಿನವೇ ತಲುಪಿ. 2025ರ ಅಕ್ಟೋಬರ್‌ನಿಂದ ಶೆಂಗೆನ್ ಗಡಿಗಳಲ್ಲಿ ಹೊರಗಿನವರ ಬೆರಳಚ್ಚು, ಮುಖದ ಫೋಟೊ ತೆಗೆದು ದಾಖಲಿಸುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಕ್ಯೂ ಉದ್ದ ಇರಬಹುದು.

ಸೂಟ್‌ಕೇಸ್ ನೀವೊಬ್ಬರೇ ಎತ್ತಿ ಒಂದು ಮಹಡಿ ಹತ್ತುವಷ್ಟು ಹಗುರ ಇರಲಿ. ಹಳ್ಳಿಯ ಚಂದದ ಹೋಟೆಲುಗಳು ನೂರಾರು ವರ್ಷದ ಮನೆಗಳು, ಲಿಫ್ಟ್ ಇರುವುದಿಲ್ಲ. ಬೀದಿಗಳೆಲ್ಲ ಉರುಟು ಕಲ್ಲಿನ ಹಾಸು. ಮೊಣಕಾಲು ನೋವಿನವರು ಕೆಳಗಿನ ರೂಮು ಬೇಕು ಎಂದು ಬುಕ್ ಮಾಡುವಾಗಲೇ ಬರೆಸಿ. ಟಿಜಿವಿ ಎಂಬ ಅತಿವೇಗದ ರೈಲು ಹತ್ತುವುದಿದ್ದರೆ ಪ್ರತಿ ಚೀಲಕ್ಕೂ ಹೆಸರಿನ ಚೀಟಿ ಕಡ್ಡಾಯ. ನಮ್ಮ ಫೋನ್ ಚಾರ್ಜರಿನ ದುಂಡು ಎರಡು ಪಿನ್ ಅಲ್ಲಿನ ಸಾಕೆಟ್‌ಗೆ ಕೂರುತ್ತದೆ, ಮೂರು ಪಿನ್ ಕೂರುವುದಿಲ್ಲ. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ, ಒಂದು ಸಣ್ಣ ಬಾಟಲಿ ಇಟ್ಟುಕೊಂಡರೆ ಸಲೀಸು.

ತಿಂಡಿ ಪೊಟ್ಟಣಗಳ ವಿಷಯ. ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಹಾಲಿನ ಉತ್ಪನ್ನ, ಮಾಂಸ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಬೇಡ, ಧಾರವಾಡ ಪೇಡವನ್ನೂ ಮನೆಯಲ್ಲೇ ಮುಗಿಸಿ ಹೊರಡಿ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ನಿಪ್ಪಟ್ಟು ಧಾರಾಳವಾಗಿ ಒಯ್ಯಿರಿ. ಚಟ್ನಿಪುಡಿ ಬೆಣ್ಣೆ ಜೊತೆ ಬಗೆಟ್ ಬ್ರೆಡ್‌ಗೆ ಎಷ್ಟು ಒಗ್ಗುತ್ತದೆ ಎಂದು ಒಮ್ಮೆ ತಿಂದು ನೋಡಿ.

ಹೆಜ್ಜೆ 7: ಊಟದ ಲೆಕ್ಕ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ನಮ್ಮವರು ಜಾಸ್ತಿ ಒದ್ದಾಡುವುದು ಇಲ್ಲೇ.

ಮೊದಲು ಸಮಯ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ರಾತ್ರಿ ಊಟ ಏಳು, ಏಳೂವರೆ ಮೇಲೆ. ನಡುವೆ ಅಡುಗೆಮನೆ ಬಂದ್. ಮೂರು ಗಂಟೆಗೆ ಹಳ್ಳಿಯ ಹೋಟೆಲಿಗೆ ಹೋಗಿ ಊಟ ಕೇಳಿದರೆ ಕಾಫಿ ಮಾತ್ರ ಸಿಗುತ್ತದೆ. ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ‘ಬೊಂಝೂರ್’ ಅನ್ನಬೇಕು. ಅದನ್ನು ಬಿಟ್ಟು ನೇರ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಮುಖ ಗಂಟಾಗುತ್ತದೆ. ಫ್ರೆಂಚರು ಒರಟರು ಎಂಬ ದೂರಿನ ಬಹುಪಾಲು ಈ ಒಂದು ಮಾತಿಗೆ ಕರಗುತ್ತದೆ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಅಂದರೆ ಸಾಲದು, ಮೀನು ನಡೆಯುತ್ತದೆ ಅಂದುಕೊಳ್ಳುವವರು ಇದ್ದಾರೆ. ‘ಸಾಂ ವ್ಯಾಂದ್, ನಿ ಪ್ವಾಸ್ಸೋಂ’, ಅಂದರೆ ಮಾಂಸವೂ ಬೇಡ ಮೀನೂ ಬೇಡ ಎಂದು ಹೇಳಿ. ಗುಂಪಿನ ಊಟಕ್ಕೆ ಗೈಡ್ ಮುಂಚೆಯೇ ತಿಳಿಸಿರಬೇಕು, ಆದರೂ ಹಿಂದಿನ ದಿನ ನೆನಪಿಸಿ. ಕಣ್ಣಿಗೆ ಸಸ್ಯಾಹಾರ ಅನ್ನಿಸಿಯೂ ಅಲ್ಲದವು ಕೆಲವಿವೆ. ಈರುಳ್ಳಿ ಸೂಪನ್ನು ಸಾಮಾನ್ಯವಾಗಿ ದನದ ಮೂಳೆ ಸಾರಿನಲ್ಲಿ ಮಾಡುತ್ತಾರೆ. ಕೀಶ್ ಲೊರೇನ್‌ನಲ್ಲಿ ಹಂದಿ ಮಾಂಸದ ಚೂರು. ನೀಸ್ ಸಲಾಡ್‌ನಲ್ಲಿ ಮೀನು. ಬಹಳಷ್ಟು ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಇದನ್ನು ಓದಿ ಚೀಸ್ ಬಿಡುತ್ತೀರೋ ಕಣ್ಣು ಮುಚ್ಚಿ ತಿನ್ನುತ್ತೀರೋ ನಿಮಗೆ ಬಿಟ್ಟದ್ದು.

ಇನ್ನು ಧೈರ್ಯವಾಗಿ ತಿನ್ನಬಹುದಾದವು. ಬದನೆಕಾಯಿ, ಟೊಮೆಟೊ, ದಪ್ಪ ಮೆಣಸಿನಕಾಯಿಯ ರಾತತೂಯಿ. ಆಲೂಗಡ್ಡೆ ಮತ್ತು ಕೆನೆಯ ದೋಫಿನ್ವಾ ಗ್ರಾತಾಂ. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ತೆಳು ದೋಸೆ ಗ್ಯಾಲೆಟ್, ಹಂದಿ ಮಾಂಸ ಬಿಟ್ಟು ಅಣಬೆ, ಚೀಸ್ ಹಾಕಿಸಿ. ನೀಸ್‌ಗೆ ಹೋದಾಗ ಸೊಕ್ಕ ಬಿಡಬೇಡಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಮೇಲೆ ಕರಿಮೆಣಸು ಉದುರಿಸುತ್ತಾರೆ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ನಮ್ಮ ಕಡಲೆ ಹಿಟ್ಟಿನ ದೋಸೆಯ ದಾಯಾದಿ.

ನೀರಿಗೆ ದುಡ್ಡು ಕೊಡಬೇಡಿ. ‘ಯೂನ್ ಕರಾಫ್ ದೋ’ ಎಂದು ಕೇಳಿದರೆ ಜಗ್ಗಿನಲ್ಲಿ ನಲ್ಲಿ ನೀರು ಉಚಿತ, ಕುಡಿಯಲು ಯೋಗ್ಯ. ಬ್ರೆಡ್ ಬುಟ್ಟಿಯೂ ಊಟದ ಜೊತೆ ಉಚಿತ. ಸೇವಾ ಶುಲ್ಕ ಬಿಲ್ಲಿನಲ್ಲೇ ಸೇರಿದೆ, ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ವೈನ್ ಕುಡಿಯದವರು ಬರ್ಗಂಡಿಯ ತೋಟದಲ್ಲಿ ಮುಜುಗರ ಪಡಬೇಕಿಲ್ಲ. ರುಚಿ ನೋಡಿ ಉಗುಳಲು ಅಲ್ಲೇ ಪಾತ್ರೆ ಇಟ್ಟಿರುತ್ತಾರೆ, ಬೇಡ ಅಂದರೆ ದ್ರಾಕ್ಷಿ ರಸ ಕೇಳಬಹುದು.

ಹೆಜ್ಜೆ 8: ಊರೂರಲ್ಲಿ ಏನು ಬಿಡಬಾರದು

ಪ್ಯಾರಿಸ್‌ನಲ್ಲಿ ಲೂವ್ರ್ ಟಿಕೆಟ್ ಪ್ಯಾಕೇಜ್‌ನಲ್ಲಿ ಸೇರಿದೆಯೇ ಕೇಳಿ. 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ದರ 32 ಯೂರೋಗೆ ಏರಿದೆ. ನೋತ್ರ್ ದಾಮ್ ಚರ್ಚ್ 2019ರ ಏಪ್ರಿಲ್‌ನಲ್ಲಿ ಸುಟ್ಟು, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಪ್ರವೇಶ ಉಚಿತ, ಆದ್ದರಿಂದ ಅದಕ್ಕೆಂದು ‘ಟಿಕೆಟ್’ ಮಾರುವವರನ್ನು ನಂಬಬೇಡಿ. ಮೆಟ್ರೊದಲ್ಲಿ ಫೋನು, ಪರ್ಸು ಮುಂದಿನ ಜೇಬಿನಲ್ಲಿ ಇರಲಿ. ಕೈಗೆ ದಾರ ಕಟ್ಟಲು ಬರುವವರು, ಅರ್ಜಿಗೆ ಸಹಿ ಕೇಳುವವರು, ನೆಲದಲ್ಲಿ ಉಂಗುರ ಸಿಕ್ಕಿತು ಎನ್ನುವವರು ಎದುರಾದರೆ ನಿಲ್ಲದೆ ನಡೆಯಿರಿ.

ವರ್ಸೈ ಪಟ್ಟಿಯಲ್ಲಿದ್ದರೆ ಗೈಡ್ ಬಳಿ ಹರ್ಕ್ಯುಲಿಸ್ ಸಭಾಂಗಣ ಯಾವುದು ಎಂದು ಕೇಳಿ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳನ್ನು ಹದಿನಾರನೇ ಲೂಯಿ 1788ರ ಆಗಸ್ಟ್ 10ರಂದು ಬರಮಾಡಿಕೊಂಡದ್ದು ಅಲ್ಲಿ. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋಗಿದ್ದರು. ಮರ್ಯಾದೆ ಬೇಕಾದಷ್ಟು ಸಿಕ್ಕಿತು, ಸೈನ್ಯ ಸಿಗಲಿಲ್ಲ. ಮರುವರ್ಷವೇ ಅಲ್ಲಿ ಕ್ರಾಂತಿ ಶುರುವಾಯಿತು.

ಲ್ವಾರ್‌ನಲ್ಲಿ ದಿನಕ್ಕೆ ಒಂದು ಅರಮನೆ, ತಪ್ಪಿದರೆ ಎರಡು. ಮೂರನೆಯದು ತಲೆಗೆ ಹೋಗುವುದಿಲ್ಲ. ಒಂದೇ ನೋಡಲು ಸಮಯ ಇದ್ದರೆ ನಾನು ಶೆನೊನ್ಸೋ ಎನ್ನುತ್ತೇನೆ. ಶೇರ್ ನದಿಯ ಮೇಲೆ ಸೇತುವೆಯ ಹಾಗೆ ಚಾಚಿದ ಉದ್ದನೆ ಮೊಗಸಾಲೆ ಅದು. ಎರಡನೇ ಮಹಾಯುದ್ಧದಲ್ಲಿ ಈ ನದಿಯೇ ಜರ್ಮನ್ ಹಿಡಿತದ ಭಾಗಕ್ಕೂ ಸ್ವತಂತ್ರ ಭಾಗಕ್ಕೂ ನಡುವಿನ ಗಡಿ. ಮೊಗಸಾಲೆಯ ಆಚೆ ತುದಿಯ ಬಾಗಿಲು ದಾಟಿದರೆ ಬಿಡುಗಡೆ. ಅಂಬ್ವಾಜ್‌ನಲ್ಲಿ ಲಿಯೊನಾರ್ಡೊ ದಾ ವಿಂಚಿ ಕೊನೆಯ ದಿನ ಕಳೆದ ಕ್ಲೋ ಲ್ಯೂಸೆ ಮನೆ ಇದೆ, ಅವನು ತೀರಿಕೊಂಡದ್ದು 1519ರಲ್ಲಿ.

ಬೋನ್‌ನಲ್ಲಿ ಬಣ್ಣದ ಹೆಂಚಿನ ಆಸ್ಪತ್ರೆ ನೋಡಿ. ಬಡವರಿಗಾಗಿ 1443ರಲ್ಲಿ ನಿಕೊಲಾ ರೊಲಾಂ ಕಟ್ಟಿಸಿದ್ದು, 1971ರವರೆಗೂ ರೋಗಿಗಳು ಇದ್ದರು. ಅದಕ್ಕೆ ದಾನ ಬಂದ ದ್ರಾಕ್ಷಿ ತೋಟಗಳ ವೈನನ್ನು ಪ್ರತಿ ನವೆಂಬರ್‌ನಲ್ಲಿ ಹರಾಜು ಹಾಕಿ ಇವತ್ತಿಗೂ ಧರ್ಮಕಾರ್ಯಕ್ಕೆ ಬಳಸುತ್ತಾರೆ.

ಲಿಯಾನ್‌ನಲ್ಲಿ ಎಲ್ಲರೂ ಹಳೆ ಊರಿನ ಓಣಿ ನೋಡಿ ಬರುತ್ತಾರೆ. ಸ್ವತಂತ್ರ ಮಧ್ಯಾಹ್ನ ಸಿಕ್ಕರೆ ಕ್ರ್ವಾ ರೂಸ್ ಗುಡ್ಡಕ್ಕೆ ಹೋಗಿ, ಅದು ರೇಷ್ಮೆ ನೇಕಾರರ ಕೇರಿ. ಎತ್ತರದ ಮಗ್ಗ ಹಿಡಿಸಲೆಂದೇ ಮನೆಗಳ ಛಾವಣಿ ಎತ್ತರ. ತೂತಿನ ರಟ್ಟುಗಳಿಂದ ನೇಯ್ಗೆಯ ವಿನ್ಯಾಸ ಮೂಡಿಸುವ ಯಂತ್ರವನ್ನು ಜೋಸೆಫ್ ಮರೀ ಜಕಾರ್ 1800ರ ದಶಕದ ಆರಂಭದಲ್ಲಿ ರೂಪಿಸಿದ್ದು ಈ ಊರಿನಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ‘ಜಕಾರ್ಡ್’ ಅನ್ನುವುದು ಅವನ ಹೆಸರನ್ನೇ. ನೇಕಾರರ ಮನೆ ಎಂಬ ಸಣ್ಣ ಮ್ಯೂಸಿಯಂನಲ್ಲಿ ಮಗ್ಗ ನಡೆಸಿ ತೋರಿಸುತ್ತಾರೆ.

ಪ್ರೊವಾನ್ಸ್‌ನಲ್ಲಿ ಅವಿನ್ಯೋನ್‌ನ ಪೋಪರ ಅರಮನೆ, ರೋಮನ್ನರು ಕಟ್ಟಿದ ಸುಮಾರು 49 ಮೀಟರ್ ಎತ್ತರದ ಮೂರಂತಸ್ತಿನ ನೀರಿನ ಸೇತುವೆ ಪೋಂ ದು ಗಾರ್, ಎರಡೂ ಸರಿ. ಆರ್ಲ್‌ನಲ್ಲಿ ಚಿತ್ರಕಾರ ವಾನ್ ಗಾಗ್ 1888–89ರಲ್ಲಿ ಇದ್ದ. ರೋನ್ ನದಿಯ ಮೇಲಿನ ನಕ್ಷತ್ರಗಳ ಅವನ ಚಿತ್ರ ಇರುವುದು ಮಾತ್ರ ಪ್ಯಾರಿಸ್‌ನ ಒರ್ಸೆಯಲ್ಲಿ. ಅದನ್ನು ಮೊದಲು ನೋಡಿಕೊಂಡು, ಆಮೇಲೆ ಆರ್ಲ್‌ನ ನದಿ ದಂಡೆಗೆ ಹೋದರೆ ಚೆನ್ನ. ಮಿಸ್ತ್ರಾಲ್ ಎಂಬ ಗಾಳಿ ಬೀಸಿದರೆ ಬಿಸಿಲಿದ್ದರೂ ಚಳಿ, ಒಂದು ಜಾಕೆಟ್ ವ್ಯಾನಿನಲ್ಲಿ ಇರಲಿ.

ಹೆಜ್ಜೆ 9: ಗುಂಪಿನೊಳಗೆ

ಎಂಟು ಜನರಲ್ಲಿ ಒಬ್ಬರು ದಿನಾ ಹತ್ತು ನಿಮಿಷ ತಡವಾದರೆ ಮೂರನೇ ದಿನಕ್ಕೆ ಯಾರೂ ಅವರ ಜೊತೆ ಮಾತಾಡುವುದಿಲ್ಲ. ವ್ಯಾನಿನ ಸೀಟು ದಿನಾ ಬದಲಿಸುವುದು ರೂಢಿ, ಮುಂದಿನ ಸೀಟಿಗೆ ಟವೆಲ್ ಹಾಕಬೇಡಿ. ಆಯಾಸವಾದ ದಿನ ಗುಂಪಿನ ಜೊತೆ ಹೋಗದೆ ಊರಲ್ಲೇ ಉಳಿಯುತ್ತೇನೆ ಅನ್ನಲು ಸಂಕೋಚ ಬೇಡ, ಗೈಡ್‌ಗೆ ಹೇಳಿ ಉಳಿಯಿರಿ. ಹೋಟೆಲಿನ ವಿಳಾಸದ ಕಾರ್ಡು ಜೇಬಿನಲ್ಲಿ ಇರಲಿ. ತುರ್ತಿಗೆ 112. ಹಸಿರು ಶಿಲುಬೆಯ ದೀಪ ಕಂಡರೆ ಅದು ಔಷಧಿ ಅಂಗಡಿ.

ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಯುಪಿಐ ಐಫೆಲ್ ಟವರ್ ಟಿಕೆಟ್‌ಗೆ, ಗ್ಯಾಲರಿ ಲಾಫಾಯೆತ್ ಮಳಿಗೆಯಲ್ಲಿ ನಡೆಯುತ್ತದೆ ಎಂದು ಅದನ್ನೇ ನೆಚ್ಚಿ ಹೋಗಬೇಡಿ. ಸಂತೆಗೆ ಚಿಲ್ಲರೆ ಯೂರೋ ಬೇಕು.

ಹೆಜ್ಜೆ 10: ವಾಪಸ್ ಹೊರಡುವಾಗ

ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಜಾಸ್ತಿ ಖರೀದಿ ಮಾಡಿದ್ದರೆ ಕಟ್ಟಿದ ತೆರಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ‘ದೆತಾಕ್ಸ್’ ಕಾಗದ ಕೇಳಬೇಕು, ಆಮೇಲೆ ಕೇಳಿದರೆ ಕೊಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಪಾಬ್ಲೊ ಎಂಬ ಯಂತ್ರಕ್ಕೆ ಆ ಕಾಗದದ ಬಾರ್‌ಕೋಡ್ ತೋರಿಸಿದರೆ ಮುಗಿಯಿತು. ಇದನ್ನು ಚೀಲ ಕೊಡುವ ಮೊದಲೇ ಮಾಡಿ, ಸಾಮಾನು ತೋರಿಸಿ ಎಂದರೆ ತೋರಿಸಬೇಕಾಗುತ್ತದೆ. ಫ್ರಾಂಕ್‌ಫರ್ಟ್‌ನಂಥ ಊರಲ್ಲಿ ವಿಮಾನ ಬದಲಿಸುವುದಾದರೆ, ಯುರೋಪ್ ಒಕ್ಕೂಟ ಬಿಡುವ ಕೊನೆಯ ನಿಲ್ದಾಣ ಅದು, ಹಾಗಾಗಿ ಈ ಕಾಗದದ ಕೆಲಸ ಎಲ್ಲಿ ಮಾಡಬೇಕು ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೋನ್‌ನಲ್ಲಿ ಕೊಂಡ ಸಾಸಿವೆ ಬಾಟಲಿ, ಜಾಮ್, ಲ್ಯಾವೆಂಡರ್ ಜೇನು ಇವನ್ನೆಲ್ಲ ದ್ರವ ಎಂದೇ ಲೆಕ್ಕ ಹಾಕುತ್ತಾರೆ. ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ಅಲ್ಲೇ ಉಳಿಯುತ್ತವೆ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ.